ಜೋಡಿ ಬೀಗದ ಬಿಸಿಯೂಟ

ನಾನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಕೆಡಿಸಿದರೂ ಪೂರ್ತಿ ಕೆಡಿಸುತ್ತೇನೆ.

ಮಾಗಡಿ ತಾಲ್ಲೂಕಿನಲ್ಲಿ, ಕಲ್ಯದಿಂದ ಸ್ವಲ್ಪ ಆಚೆಗೆ, ನಮ್ಮ ಸರ್ಕಾರಿ ಶಾಲೆ. ನಾನು ಅಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹೆಡ್‌ಮಿಸ್ಸು ಮೊಣಕಾಲಿನ ಆಪರೇಷನ್‌ಗೆಂದು ರಜೆ ಹಾಕಿದಾಗ ಶಾಲೆಯ ಪ್ರಭಾರ ನನ್ನ ಹೆಗಲೇರಿತು. ಅದರ ಜೊತೆಗೆ ಬಿಸಿಯೂಟವೂ ಬಂತು. ನಮ್ಮ ಬಿಸಿಯೂಟದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಅಕ್ಕಿ ಬರುತ್ತಿತ್ತು, ಬೇಯುತ್ತಿತ್ತು, ಮಕ್ಕಳು ತಿನ್ನುತ್ತಿದ್ದರು. ಅಡುಗೆಯ ಸಾಕಮ್ಮ ಸ್ಟೋರ್ ರೂಮಿನ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದರು. ಇಷ್ಟು ಸರಾಗವಾಗಿ ನಡೆಯುತ್ತಿದ್ದ ವ್ಯವಸ್ಥೆಗೆ ಕೊರತೆಯಾಗಿದ್ದದ್ದು ನಾನೊಬ್ಬನೇ!

ಪ್ರಭಾರ ವಹಿಸಿದ ವಾರದಲ್ಲೇ ಒಂದು ತರಬೇತಿಗೆ ಹೋಗಿ ಬಂದೆ. ವಿಷಯ: 'ಬಿಸಿಯೂಟದಲ್ಲಿ ಆಂತರಿಕ ನಿಯಂತ್ರಣ'. ತರಬೇತಿ ಕೊಟ್ಟವರು ಬಲು ಚೆನ್ನಾಗಿ ಮಾತಾಡಿದರು. ಊಟವನ್ನು ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು, ದಾಸ್ತಾನಿಗೆ ಗುರುತಿರಬೇಕು, ಎಲ್ಲ ಅಧಿಕಾರವೂ ಒಬ್ಬರ ಕೈಯಲ್ಲಿ ಇರಬಾರದು ಎಂದರು. ಮೂರೂ ಒಳ್ಳೆಯ ಮಾತುಗಳೇ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಕೇಳಿಸಿಕೊಂಡದ್ದರಲ್ಲಿ ಇತ್ತು.

ಮನೆಗೆ ಬಂದು ಗಿರಿಜೆಗೆ ಹೇಳಿದೆ. ಗಿರಿಜೆ ನನ್ನ ಹೆಂಡತಿ.

"ಇನ್ನು ಮೇಲೆ ನನ್ನ ಗಮನಕ್ಕೆ ಬಾರದೆ ಒಂದು ಸಾಸಿವೆ ಕಾಳೂ ಸಿಡಿಯೋ ಹಾಗಿಲ್ಲ."

"ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಗೊತ್ತಾ?" ಅಂದಳು.

ಅದು ವಿಷಯಾಂತರ. 

ಮೊದಲು ರುಚಿ ನೋಡುವ ನಿಯಮವನ್ನು ಜಾರಿಗೆ ತಂದೆ. ಮಿಕ್ಕ ಮೇಷ್ಟ್ರುಗಳು ಒಂದು ತುತ್ತು ಬಾಯಿಗೆ ಹಾಕಿಕೊಂಡು 'ಚೆನ್ನಾಗಿದೆ' ಅನ್ನುತ್ತಿದ್ದರು. ಇದು ವೈಜ್ಞಾನಿಕವಲ್ಲ! ಊಟದಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಅದು ದೇಹದ ಮೇಲೆ ಪರಿಣಾಮ ಬೀರಲು ಸಮಯ ಬೇಡವೇ? ಹಾಗಾಗಿ ನಾನು ಒಂದು ತಟ್ಟೆ ಪೂರ್ತಿ ಉಂಡು, ಅಡುಗೆಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಪರಿಣಾಮಕ್ಕಾಗಿ ಕಾಯತೊಡಗಿದೆ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಸಾಕಮ್ಮ ಸೌಟು ಹಿಡಿದು ಹೊರಗೆ ಬಂದರು.

"ಸಾ, ಸಾರು ತಣ್ಣಗಾಗೋಯ್ತು. ನೀವಿನ್ನೂ ಸಾಯ್ನಿಲ್ಲ. ಬಡುಸ್ಲಾ?"

ಅನುಮತಿ ಕೊಟ್ಟೆ.

ಆಮೇಲೆ ಮೊಟ್ಟೆ. ದಾಸ್ತಾನಿಗೆ ಗುರುತಿರಬೇಕು ಅಂದಿದ್ದರಲ್ಲ. ಅಕ್ಕಿಯ ಮೂಟೆಗೆ ಗುರುತಿದೆ, ಎಣ್ಣೆ ಪ್ಯಾಕೆಟ್ಟಿಗೆ ಗುರುತಿದೆ, ಮೊಟ್ಟೆಗೆ ಏನಿದೆ? ನಮ್ಮ ಶಾಲೆಯ ಮೊಟ್ಟೆಯೂ ಅಂಗಡಿಯ ಮೊಟ್ಟೆಯೂ ಪಕ್ಕಪಕ್ಕ ಇಟ್ಟರೆ ಯಾವ ನ್ಯಾಯಾಲಯವೂ ಬೇರ್ಪಡಿಸಲಾರದು. ನಾನು ಶಾಲೆಯ ಮೊಹರನ್ನು ತೆಗೆದುಕೊಂಡು, ನೇರಳೆ ಇಂಕಿನ ಪ್ಯಾಡಿಗೆ ಒತ್ತಿ, ಒಂದೊಂದೇ ಮೊಟ್ಟೆಯ ಮೇಲೆ ಮುದ್ರೆ ಹಾಕಿದೆ. ಕೆಲವು ಒಡೆದವು. ಕರ್ತವ್ಯದಲ್ಲಿ ಅಷ್ಟು ನಷ್ಟ ಸಹಜ. ಮೊಟ್ಟೆ ತಿನ್ನದ ಮಕ್ಕಳಿಗೆಂದು ತಂದಿದ್ದ ಬಾಳೆಹಣ್ಣಿಗೂ ಒತ್ತಬೇಕೆಂದು ಮನಸ್ಸಾಯಿತು, ಬಿಟ್ಟೆ. ನನಗೂ ವಿವೇಚನೆ ಅನ್ನುವುದು ಇದೆ.

ಮೊಟ್ಟೆಗಳು ಬೆಂದವು. ನೀರು ನೇರಳೆಯಾಯಿತು. ಬಿರುಕು ಬಿಟ್ಟ ಮೊಟ್ಟೆಗಳೊಳಗೆ ಇಂಕು ಇಳಿದು, ಸಿಪ್ಪೆ ಬಿಡಿಸಿದರೆ ಒಳಗೆ ಕಳಿತ ನೇರಳೆ ಹಣ್ಣಿನಂಥ ಬಣ್ಣ! ನೋಡಿದ ಕೂಡಲೇ ಆ ಮೊಟ್ಟೆಗಳನ್ನೆಲ್ಲ ತೆಗೆಸಿ, ಎಲ್ಲರಿಗೂ ಬಾಳೆಹಣ್ಣು ಕೊಡಿಸಿದೆ. ಆದರೂ ಒಂದು ಮೊಟ್ಟೆ ಹೇಗೋ ಊರೊಳಗೆ ಹೋಗಿಬಿಟ್ಟಿತ್ತು. ಮಧ್ಯಾಹ್ನ ಒಬ್ಬ ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದರು. ಸಿಪ್ಪೆಯ ಮೇಲೆ 'ಮುಖ್ಯೋಪಾಧ್ಯಾಯರು' ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

"ಮೇಷ್ಟ್ರೇ, ಇದ ಇಕ್ಕಿದ್ ಕೋಳಿ ಯಾವ್ ಆಪೀಸ್ನಲ್ಲಿ ಕೆಲ್ಸ ಮಾಡ್ತದೆ?"

ಊರಿನವರು ನಕ್ಕರು. ನಾನು ನಗಲಿಲ್ಲ. ಸುಧಾರಕರ ಪಾಡೇ ಇಷ್ಟು ಅಂದುಕೊಂಡು ಮೂರನೆಯ ಸುಧಾರಣೆಗೆ ಕೈಹಾಕಿದೆ.

ಅದೇ ಬೀಗ.

ಎಲ್ಲ ಅಧಿಕಾರ ಒಬ್ಬರ ಕೈಯಲ್ಲಿರಬಾರದು. ಆದ್ದರಿಂದ ಸ್ಟೋರ್ ರೂಮಿಗೆ ಎರಡು ಬೀಗ. ಒಂದರ ಕೀಲಿ ನನ್ನ ಬಳಿ, ಇನ್ನೊಂದರದ್ದು ಶಾಲಾ ಸಮಿತಿಯ ಅಧ್ಯಕ್ಷ ಚಿಕ್ಕರಾಜಣ್ಣನವರ ಬಳಿ. ಇಬ್ಬರೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಸಾಕಮ್ಮನವರ ಸೆರಗಿನ ಗಂಟು ಬಿಚ್ಚಿಸಿದೆ. ಅವರು ಹಳೆಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋಗಿ ಒಗ್ಗರಣೆ ಹಾಕಿದರು. ಆ ದಿನ ಒಗ್ಗರಣೆಯ ಘಾಟು ಸ್ವಲ್ಪ ಜಾಸ್ತಿಯೇ ಇತ್ತು. ಎಲ್ಲ ತರಗತಿಗಳೂ ಕೆಮ್ಮಿದವು.

ಚಿಕ್ಕರಾಜಣ್ಣ ರೇಷ್ಮೆ ಬೆಳೆಯುವವರು, ಕುರಿಯೂ ಇದೆ. ಕೀಲಿ ಕೊಟ್ಟಾಗ ಅವರ ಮುಖ ಮಂತ್ರಿಯಾದವರ ಹಾಗೆ ಅರಳಿತು.

"ಸಾ, ಇದು ನನ್ ಮೈಮ್ಯಾಲೇ ಇರ್ತದೆ. ಉಡುದಾರಕ್ಕೆ ಕಟ್ಕತೀನಿ. ಯಾವ್ ನನ್ಮಗನೂ ಮುಟ್ಟಕ್ಕಾಗಾಕಿಲ್ಲ."

ಇದಕ್ಕಿಂತ ಭದ್ರವಾದ ಜಾಗ ನನಗೂ ಹೊಳೆಯಲಿಲ್ಲ. ಶಹಬ್ಬಾಸ್ ಅಂದೆ.

ಕೆಲವು ದಿನ ಎಲ್ಲ ಸುಸೂತ್ರವಾಗಿತ್ತು. ಬೆಳಿಗ್ಗೆ ಚಿಕ್ಕರಾಜಣ್ಣ ಬಂದು, ಅಂಗಿ ಎತ್ತಿ, ಬಾಗಿಲಿಗೆ ಸೊಂಟ ಒತ್ತಿ, ತುದಿಗಾಲಲ್ಲಿ ನಿಂತು ಕೀಲಿ ತಿರುಗಿಸುತ್ತಿದ್ದರು. ನೋಡುವುದಕ್ಕೆ ಅಷ್ಟು ಗೌರವಯುತವಾಗಿರಲಿಲ್ಲ, ನಿಜ. ಆದರೆ ನಿಯಂತ್ರಣ ಅಂದರೆ ನಿಯಂತ್ರಣ.

ಆ ಗುರುವಾರ ಚಿಕ್ಕರಾಜಣ್ಣ ಬರಲಿಲ್ಲ.

ಅಂದೇ ತಾಲ್ಲೂಕಿನಿಂದ ಬಿಸಿಯೂಟದ ತಪಾಸಣೆಗೆ ಮೇಡಂ ಒಬ್ಬರು ಬರುವವರಿದ್ದರು. ಚಿಕ್ಕರಾಜಣ್ಣನ ಫೋನಿಗೆ ಮಾಡಿದರೆ ಎತ್ತಿದ್ದು ಅವರ ಹೆಂಡತಿ ಜಯಮ್ಮ.

"ಅವ್ರು ಗೂಡು ತಕ್ಕೊಂಡು ರಾಮನಗರದ್ ಮಾರ್ಕೆಟ್ಗೆ ಹೋದ್ರು ಸಾ. ಫೋನ್ ಇಲ್ಲೇ ಚಾರ್ಜಿಗಾಕ್ಬುಟ್ಟು ಹೋಗವ್ರೆ."

"ಕೀಲಿ?"

"ಅದು ಅವರ್ ಜೊತೆಗೇ ಐತೆ. ಎಲ್ಲಿಗೋಯ್ತದೆ!"

ನೂರಕ್ಕೂ ಮೇಲ್ಪಟ್ಟ ಮಕ್ಕಳು. ಬೆಳಿಗ್ಗೆ ಏನೂ ತಿನ್ನದೆ ಬರುವವರು ಅದರಲ್ಲಿ ಎಷ್ಟೋ ಮಂದಿ. ಅದು ನನಗೆ ಗೊತ್ತಿರುವ ಸಂಗತಿ. ಅಕ್ಕಿ, ಬೇಳೆ, ಎಣ್ಣೆ ಎಲ್ಲವೂ ಬಾಗಿಲಾಚೆ.  ಸಾಕಮ್ಮ ಕೇಳಿದರು:

"ಬೀಗ ಒಡ್ದಾಕ್ಬುಡನಾ ಸಾ?"

"ಬೀಗ ಒಡೆಯೋದಾ! ತಪಾಸಣೆಯ ದಿನ! ಬೀಗಕ್ಕೆ ಯಾರೂ ಕೈ ಹಚ್ಚಬಾರದು. ನಾನು ಹೋಗಿ ತರ್ತೀನಿ" ಎಂದು ಸ್ಕೂಟರ್ ಹತ್ತಿದೆ.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಒಬ್ಬ ಚಿಕ್ಕರಾಜಣ್ಣನನ್ನು ಹುಡುಕುವುದು ಸುಲಭವಲ್ಲ. ಅಲ್ಲಿ ಎಲ್ಲರೂ ಚಿಕ್ಕರಾಜಣ್ಣನ ಹಾಗೇ ಇರುತ್ತಾರೆ. ಗೂಡಿನ ರಾಶಿಗಳ ನಡುವೆ ಹುಡುಕಿ ಹುಡುಕಿ, ಕೊನೆಗೆ ನೂಲು ಬಿಚ್ಚುವ ನಯಾಜ್ ಸಾಬರ ಜೊತೆ ಚೌಕಾಸಿಯಲ್ಲಿ ಮುಳುಗಿದ್ದ ಅವರನ್ನು ಹಿಡಿದೆ.

"ಕೀಲಿ ಕೊಡಿ! ಇವತ್ತು ತಪಾಸಣೆ, ಮಕ್ಕಳಿಗೆ ಇನ್ನೂ ಊಟ ಇಲ್ಲ!"

"ಅಯ್ಯೋ, ತಪಾಸಣೆ ಇವತ್ತೇನಾ! ಮರ್ತೇ ಹೋಗ್ಬುಟ್ಟಿದ್ದೆ ಸಾ" ಎಂದವರೇ ಅಂಗಿ ಎತ್ತಿದರು. ಗಂಟು ಬೆವರಿಗೆ ನೆನೆದು, ಒಣಗಿ, ಮತ್ತೆ ನೆನೆದು ಕಲ್ಲಾಗಿತ್ತು. ಅವರ ಕೈಗೆ ಬಿಚ್ಚಲಿಲ್ಲ. ನಾನು ಮುಂದೆ ಮಂಡಿಯೂರಿ ಕುಳಿತು ಪ್ರಯತ್ನಿಸಿದೆ. ಉಗುರಿಗೆ ಸಿಗಲಿಲ್ಲ. ಹತ್ತಿರಕ್ಕೆ ಹೋದೆ. ಕನ್ನಡಕ ಮಂಜಾಯಿತು. ಹಲ್ಲು ಹಚ್ಚಿದೆ. ಆಗ ಚಿಕ್ಕರಾಜಣ್ಣನಿಗೆ ಕಚಗುಳಿಯಾಗಿ ಅವರು ಕುಣಿಯತೊಡಗಿದರು. ಸರ್ಕಾರಿ ಶಾಲೆಯ ಪ್ರಭಾರ ಮುಖ್ಯೋಪಾಧ್ಯಾಯನೊಬ್ಬ ರೇಷ್ಮೆ ಬೆಳೆಗಾರರೊಬ್ಬರ ಸೊಂಟ ಹಿಡಿದುಕೊಂಡು ಅವರ ಜೊತೆ ಮಂಡಿಯಲ್ಲೇ ಸುತ್ತುತ್ತಿರುವ ದೃಶ್ಯವನ್ನು ನೋಡಲು ಹರಾಜು ಬಿಟ್ಟು ಜನ ಬಂದರು.

ನಯಾಜ್ ಸಾಬರು ಕತ್ತರಿ ಕೊಟ್ಟರು. ಚಿಕ್ಕರಾಜಣ್ಣ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಉಡುದಾರ ಕುಯ್ಯಂಗಿಲ್ಲ! ಅದ ಕುಯ್ಯೋದು ಸತ್ತೋದ್ ಮ್ಯಾಲೆ! ಕಟ್ಕೊಂಡಿರೋ ಹೆಂಡ್ರು ಮಕ್ಳು ಇರೋನು ಕಣ್ ಸಾ ನಾನು!"

"ಹಾಗಾದ್ರೆ ನೀವೇ ಬನ್ನಿ!"

"ಗೂಡು?"

"ನಾನ್ ನೋಡ್ಕತೀನಿ, ಹೋಗಿಬನ್ನಿ. ಮಕ್ಳು ಹಸ್ಕೊಂಡಿರ್ತಾವೆ" ಅಂದರು ನಯಾಜ್ ಸಾಬರು. ನಗು ತಡೆದುಕೊಂಡು ಅವರ ಕಣ್ಣಲ್ಲಿ ನೀರು ಬಂದಿತ್ತು.

ಚಿಕ್ಕರಾಜಣ್ಣನನ್ನು ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹಾರಿದೆ. ಪ್ರತಿ ಉಬ್ಬಿಗೂ ಕೀಲಿ ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ನೋವಾದರೂ ಒಂದು ಸಮಾಧಾನ, ಕೀಲಿ ಅಲ್ಲೇ ಇದೆ!

ಶಾಲೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಗೇಟಿನಲ್ಲಿ ಜೀಪು ನಿಂತಿತ್ತು.  ಓಡಿದೆ. ಸ್ಟೋರ್ ರೂಮಿನ ಬಾಗಿಲಲ್ಲಿ ಎರಡು ಬೀಗವೂ ಹಾಕಿದಂತೆಯೇ ನೇತಾಡುತ್ತಿದ್ದವು. ಆಹಾ, ಜೀವ ಬಂತು! ವರಾಂಡದಲ್ಲಿ ಮೇಡಂ ಮಕ್ಕಳ ಸಾಲಿನಲ್ಲೇ ಕುಳಿತಿದ್ದರು. ನಾನು ಉಸಿರು ಕೂಡ ತೆಗೆದುಕೊಳ್ಳದೆ ಶುರು ಮಾಡಿದೆ.

"ಕ್ಷಮಿಸಿ ಮೇಡಂ, ಸ್ವಲ್ಪ ತಡವಾಯಿತು. ನಮ್ಮಲ್ಲಿ ಜೋಡಿ ಬೀಗದ ಪದ್ಧತಿ. ನಾವಿಬ್ಬರೂ ಇಲ್ಲದೆ ಆ ಕೋಣೆಯಿಂದ ಒಂದು ಕಾಳು ಅಕ್ಕಿ ಹೊರಗೆ ಬರೋದಿಲ್ಲ. ಅಸಾಧ್ಯ!"

ಮೇಡಂ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು.

"ಹಾಗಾದರೆ ನಾನು ಈಗ ಉಣ್ತಿರೋದು ಏನ್ರೀ?"

ಆಗ ನೋಡಿದೆ. ಅವರ ಮುಂದೆ ತಟ್ಟೆ. ತಟ್ಟೆಯಲ್ಲಿ ಬಿಸಿ ಅನ್ನ, ನುಗ್ಗೆಕಾಯಿ ಸಾರು. ಸಾಲಿನುದ್ದಕ್ಕೂ ಮಕ್ಕಳ ಮುಂದೆಯೂ ಅದೇ. ಒಬ್ಬಳು ಪುಟ್ಟ ಹುಡುಗಿಯಂತೂ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ನಾನು ಸಾಮಾನ್ಯವಾಗಿ ಪ್ರಾತ್ಯಕ್ಷಿಕೆ ಕೊಡುತ್ತೇನೆ.

"ತೋರಿಸ್ತೀನಿ ಬನ್ನಿ ಮೇಡಂ! ಚಿಕ್ಕರಾಜಣ್ಣ, ಬನ್ನಿ!"

ಸಾಕಮ್ಮ ಅಡ್ಡ ಬಂದರು. "ಸಾ, ಒಸಿ ತಡೀರಿ, ಬಾಗ್ಲು..."

"ಅಧಿಕಾರಿಗಳ ಮುಂದೆ ಮಧ್ಯೆ ಮಾತಾಡಬೇಡಿ ಸಾಕಮ್ಮ."

"ಅಲ್ಲಾ ಸಾ, ಆ ಬಾಗ್ಲು..."

"ಸಾಕಮ್ಮ!"

ನಾನು ಗಂಭೀರವಾಗಿ ನನ್ನ ಬೀಗ ತೆಗೆದೆ. ಚಿಕ್ಕರಾಜಣ್ಣ ಮೇಡಂಗೆ ಕೈಮುಗಿದು, ಅತ್ತ ತಿರುಗಿ, ಅಂಗಿ ಎತ್ತಿ, ಬಾಗಿಲಿಗೆ ಸೊಂಟ ಒತ್ತಿ, ತುದಿಗಾಲಲ್ಲಿ ನಿಂತು ಕೀಲಿ ತಿರುಗಿಸಿದರು.

ನಾನು ಹೋದ ಮೇಲೆ ಏನು ನಡೆದಿತ್ತೆಂದು ನನಗೆ ತಿಳಿದದ್ದು ಆಮೇಲೆ. 'ಬೀಗಕ್ಕೆ ಕೈ ಹಚ್ಚಬಾರದು' ಎಂಬ ನನ್ನ ಆಜ್ಞೆಯನ್ನು ಸಾಕಮ್ಮ ಅಕ್ಷರಶಃ ಪಾಲಿಸಿದ್ದರು. ಬೀಗವಿರುವ ಕಡೆ ಯಾರೂ ಹೋಗಿರಲಿಲ್ಲ. ಪಕ್ಕದ ಬೀದಿಯ ಮರಗೆಲಸದ ದಸ್ತಗೀರ್ ಬಂದು ಇನ್ನೊಂದು ಕಡೆಯ ಕೀಲುಗಳ ಸ್ಕ್ರೂ ಬಿಚ್ಚಿ, ಬಾಗಿಲನ್ನು ಪಕ್ಕಕ್ಕೆ ಸರಿಸಿಕೊಟ್ಟಿದ್ದ. ಅಕ್ಕಿ ಬೇಳೆ ಹೊರಗೆ ಬಂದ ಮೇಲೆ ಬಾಗಿಲನ್ನು ಚೌಕಟ್ಟಿಗೆ ಮತ್ತೆ ಒರಗಿಸಿ, ಹಳೇ ಸ್ಕ್ರೂ ಹಿಡಿಯುತ್ತಿಲ್ಲವೆಂದು ಹೊಸದು ತರಲು ಮಾಗಡಿಗೆ ಹೋಗಿದ್ದ. ಅಂದರೆ ಆ ಹೊತ್ತಿನಲ್ಲಿ ಬಾಗಿಲನ್ನು ಹಿಡಿದು ನಿಲ್ಲಿಸಿದ್ದದ್ದು ಆ ಎರಡು ಬೀಗಗಳು ಮಾತ್ರ!

ಎರಡನೆಯದು ಕಟಕ್ ಅಂತ ತೆರೆಯಿತು. ಬಾಗಿಲು ಒಳಕ್ಕೆ ಹೊರಟಿತು. ಬಾಗಿಲಿನ ಜೊತೆ ಬೀಗ, ಬೀಗದೊಳಗಿನ ಕೀಲಿ, ಕೀಲಿಗೆ ಕಟ್ಟಿದ ಉಡುದಾರ, ಉಡುದಾರದೊಳಗಿನ ಚಿಕ್ಕರಾಜಣ್ಣ, ಎಲ್ಲರೂ ಒಟ್ಟಿಗೆ ಹೊರಟರು!

ಧಡಾರ್!

ಧೂಳು ಇಳಿದಾಗ, ಅಕ್ಕಿ ಮೂಟೆಗಳ ಮೇಲೆ ಬಾಗಿಲು, ಬಾಗಿಲ ಮೇಲೆ ಅಧ್ಯಕ್ಷರು ಬೋರಲಾಗಿ ಮಲಗಿದ್ದರು. ಪೆಟ್ಟೇನೂ ಆಗಿರಲಿಲ್ಲ. ಏಳಲು ಹೋದರೆ ಮಾತ್ರ ಬಾಗಿಲೂ ಅವರ ಜೊತೆ ಏಳುತ್ತಿತ್ತು.

"ಸಾ," ಅಂದರು ಮಲಗಿದಲ್ಲಿಂದಲೇ, "ಈಗ ಕುಯ್ದಾಕ್ಬುಡಿ."

ಸಾಕಮ್ಮ ಈಳಿಗೆಮಣೆ ತಂದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಗದಂತೆ ಗದರಿಸಬೇಕಾದ ಮೇಷ್ಟ್ರುಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು, ಅವರ ಭುಜಗಳು ಕುಲುಕುತ್ತಿದ್ದವು. ಮೇಡಂ ಒಬ್ಬರೇ ನಗಲಿಲ್ಲ. ಬಹಳ ಕಷ್ಟಪಟ್ಟು ನಗಲಿಲ್ಲ. ಕೈ ತೊಳೆದು ಬಂದು, ಕುರ್ಚಿಯಲ್ಲಿ ಕುಳಿತು, ತಪಾಸಣಾ ವರದಿ ಬರೆದು, 'ಓದಿ ಸಹಿ ಹಾಕಿ' ಎಂದು ನನ್ನ ಮುಂದಿಟ್ಟರು. ಅದರಲ್ಲಿ ಹೀಗಿತ್ತು:

"ದಾಸ್ತಾನು ಕೊಠಡಿಯ ಬೀಗಗಳು ಸುಭದ್ರವಾಗಿವೆ. ಬಾಗಿಲು ಇರುವುದಿಲ್ಲ. ಊಟ ಬಿಸಿಯಾಗಿ, ರುಚಿಯಾಗಿ, ಹೊತ್ತಿಗೆ ಸರಿಯಾಗಿ ದೊರೆತಿದೆ. ಪ್ರಭಾರ ಮುಖ್ಯೋಪಾಧ್ಯಾಯರು ಬೆಳಗಿನಿಂದ ಶಾಲೆಯಲ್ಲಿ ಇಲ್ಲದಿದ್ದ ಕಾರಣ ಇದು ಸಾಧ್ಯವಾಗಿರುವುದು ಕಂಡುಬಂದಿದೆ."

ಎರಡು ಸಲ ಓದಿದೆ. ವ್ಯಾಕರಣದಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ ಅಂತ ಹುಡುಕಿದೆ. ಸಿಗಲಿಲ್ಲ. 'ಓದಿ ಒಪ್ಪಿದ್ದೇನೆ' ಎಂದು ಬರೆದು, ಕೆಳಗೆ ಸಹಿ ಹಾಕಿದೆ.