ಗೇರ್ ಬಾಕ್ಸಿನಿಂದ ಇಳಿದ ಎಣ್ಣೆ ಎಷ್ಟು?

ನಿವೃತ್ತಿಯಾದ ಗಂಡಸಿನ ಕೈಗೆ ಬಿಡುವು ಮತ್ತು ಸ್ಪ್ಯಾನರ್ ಒಟ್ಟಿಗೆ ಸಿಗಬಾರದು. ಅದರಲ್ಲೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ, ತಾನು ಕಲಿಸಿದ್ದೆಲ್ಲ ತನಗೆ ಗೊತ್ತಿದೆ ಎಂಬ ಭ್ರಮೆ ಇರುತ್ತದೆ. ನಮ್ಮ ಹಳೆಯ ಆಟೋಮ್ಯಾಟಿಕ್ ಕಾರು ಗೇರ್ ಬದಲಾಗುವಾಗಲೆಲ್ಲ ಬಿಕ್ಕಳಿಸಿದಂತೆ ಜಗ್ಗತೊಡಗಿದಾಗ, ಗೇರ್ ಬಾಕ್ಸಿನ ಎಣ್ಣೆಯನ್ನೂ ಫಿಲ್ಟರನ್ನೂ ಮನೆಯಲ್ಲಿ ನಾನೇ ಬದಲಿಸುತ್ತೇನೆಂದು ಘೋಷಿಸಿಬಿಟ್ಟೆ. ಇಷ್ಟು ವರ್ಷ ಆ ಕಾರನ್ನು ನೋಡಿಕೊಂಡ ಉಳ್ಳಾಲದ ಮೆಕ್ಯಾನಿಕ್ ಫೋನಿನಲ್ಲಿ "ನೀವೇ ಮಾಡುದಾ?" ಎಂದು ಎರಡು ಸಲ ಕೇಳಿದ. ಆಮೇಲೆ, "ಮಾಸ್ಟ್ರೇ, ಒಂದು ನೆನಪಿಡಿ. ಎಷ್ಟು ಇಳೀತದೆ, ಅಷ್ಟೇ ಹಾಕ್ಬೇಕು. ಅಳತೆ ಕಡ್ಡಿ ನೋಡ್ಲಿಕ್ಕೆ ಇಂಜಿನ್ ಬಿಸಿಯಾಗ್ಬೇಕು, ಕಡಿಮೆ ಹಾಕಿ ಸ್ಟಾರ್ಟ್ ಮಾಡಿದ್ರೆ ಗೇರ್ ಬಾಕ್ಸ್ ಗೋವಿಂದ" ಎಂದ. ಇಂಥದ್ದನ್ನೆಲ್ಲ ನನಗೆ ಹೇಳಿಕೊಡಬೇಕೇ ಎಂದು ಫೋನ್ ಇಟ್ಟೆ.

ಅಂದು ಬುಧವಾರ. ನನ್ನ ಅತ್ತೆ, ಅಂದರೆ ಹೆಂಡತಿ ಲಿಲ್ಲಿಯ ತಾಯಿ, ಬಿಕರ್ನಕಟ್ಟೆಯ ಬಾಲ ಯೇಸುವಿನ ಚರ್ಚಿನಲ್ಲಿ ಒಂಬತ್ತು ಗುರುವಾರದ ನೊವೇನಾ ಪ್ರಾರ್ಥನೆಯ ಹರಕೆ ಹಿಡಿದಿದ್ದರು. ಎಂಟು ಮುಗಿದಿತ್ತು. ಮರುದಿನದ ಒಂಬತ್ತನೆಯದು ತಪ್ಪಿದರೆ ಪುನಃ ಒಂದರಿಂದ ಶುರು. ಅವರ ಕಾಲಿಗೆ ಬಸ್ಸಿನ ಮೆಟ್ಟಿಲು ಆಗದು, ಸೊಂಟಕ್ಕೆ ಆಟೋ ಆಗದು. ಮಾಡುವುದಿದ್ದರೆ ಶುಕ್ರವಾರ ಮಾಡಿ ಎಂದು ಲಿಲ್ಲಿ ಹೇಳಿಯೇ ಇದ್ದಳು. ಆದರೆ ಹಂಪನಕಟ್ಟೆಯ ಅಂಗಡಿಯಿಂದ ಎಣ್ಣೆ, ಫಿಲ್ಟರ್, ಗ್ಯಾಸ್ಕೆಟ್ ಎಲ್ಲ ತಂದಿಟ್ಟುಕೊಂಡವನಿಗೆ ಶುಕ್ರವಾರದವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

ಕೆಲಸ ಸಲೀಸಾಗಿಯೇ ಆಯಿತು. ಕಾರಿನಡಿ ಮಲಗಿ, ಗೇರ್ ಬಾಕ್ಸಿನ ತಳದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಸೀದ ಬೆಲ್ಲದ ಬಣ್ಣದ ಎಣ್ಣೆಯನ್ನು ಲಿಲ್ಲಿ ಬಟ್ಟೆ ನೆನೆಸುವ ಬೇಸಿನ್ನಿಗೆ ಇಳಿಸಿದೆ. ಹಳೆಯ ಫಿಲ್ಟರ್ ತೆಗೆದು ಹೊಸದು ಕೂರಿಸಿ ಎಲ್ಲ ಬಿಗಿದೆ. ಹೊಸ ಎಣ್ಣೆ ಹಾಕುವುದೊಂದೇ ಬಾಕಿ. ಹೊರಬಂದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಪಕ್ಕದ ಮನೆಯ ಸಂಜೀವಣ್ಣ ಪಾಗಾರದ ಗೋಡೆಯಾಚೆ ಖಾಲಿ ಪೇಂಟ್ ಡಬ್ಬ ಹಿಡಿದು ನಿಂತಿದ್ದರು. ನಮ್ಮಲ್ಲಿ ಯಾರ ಮನೆಯ ಗಾಡಿಯಿಂದ ಎಣ್ಣೆ ಇಳಿದರೂ ನೆರೆಕರೆಗೆ ಹೇಗೋ ಗೊತ್ತಾಗುತ್ತದೆ. ಅದನ್ನು ಮರಕ್ಕೆ ಬಳಿದರೆ ಗೆದ್ದಲು ಹಿಡಿಯುವುದಿಲ್ಲವೆಂದು ನಂಬಿಕೆ.

"ಮಾಸ್ಟ್ರೇ, ಹಳೇ ಎಣ್ಣೆ ಉಂಟಾ? ಕೋಳಿಗೂಡಿನ ಕಂಬಕ್ಕೆಲ್ಲ ಗೆದ್ದಲು ಮಾರಾಯ್ರೆ."

"ಕೇಳುದೆಂತ, ತೆಕ್ಕೊಳ್ಳಿ" ಎಂದೆ. ಗೆದ್ದ ಮನುಷ್ಯನಿಗೆ ಕೈ ಧಾರಾಳವಾಗುತ್ತದೆ. ಕೊನೆಯ ತೊಟ್ಟಿನವರೆಗೂ ನಾನೇ ಸುರಿದುಕೊಟ್ಟು, ಬೇಸಿನ್ನನ್ನು ಸೋಪು ಹಾಕಿ ತೊಳೆದೂ ಇಟ್ಟೆ.

ಲಿಲ್ಲಿ ನಿವೃತ್ತ ನರ್ಸ್. ಮನೆಯಲ್ಲಿ ನಮ್ಮದು ಕೊಂಕಣಿ. ತರಾಟೆಗೆ ತೆಗೆದುಕೊಳ್ಳುವಾಗ ಮಾತ್ರ ಅವಳು ವಾರ್ಡಿನ ಕನ್ನಡಕ್ಕೆ ಬರುತ್ತಾಳೆ. ಚಹಾ ತಂದವಳು ಬೇಸಿನ್ ನೋಡಿ ಕನ್ನಡದಲ್ಲೇ ಕೇಳಿದಳು: "ಔಟ್‌ಪುಟ್ ಎಷ್ಟು?"

ಲೋಟ ಕೆಳಗಿಟ್ಟೆ. ಪ್ರಯೋಗದಲ್ಲಿ ಅಳತೆ ಬರೆದುಕೊಳ್ಳಲಿಲ್ಲವೆಂದು ಒಂದಿಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವರೆಲ್ಲ ಈಗ ಎಲ್ಲೆಲ್ಲಿದ್ದಾರೋ, ನನ್ನನ್ನು ಕ್ಷಮಿಸಲಿ.

"ಅಳೀಲೇ ಇಲ್ವಾ? ಪೇಶೆಂಟಿನ ಮೂತ್ರ ಸಹ ಅಳೆದು ಬರೀತೇವೆ ನಾವು! ನಾಳೆ ಮಮ್ಮಿಯನ್ನು ಹೆಗಲ ಮೇಲೆ ಕೂರಿಸಿ ಕೊಂಡೋಗ್ತೀರಾ?"

ನಿಜವಾಗಿಯೂ ಹೆದರಿಕೆಯಾಯಿತು. ಎಂಟು ವಾರದ ಪ್ರಾರ್ಥನೆಯನ್ನು ನಾನು ಕೋಳಿಗೂಡಿಗೆ ದಾನ ಮಾಡಿಬಿಟ್ಟಿದ್ದೆ. ಇಬ್ಬರೂ ಆಚೆ ಮನೆಗೆ ಓಡಿದರೆ ಸಂಜೀವಣ್ಣ ಎರಡು ಕಂಬ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು. "ಬ್ರಶ್ ನಿಲ್ಲಿಸಿ!" ಎಂದು ನಾನು ಕೂಗಿದ ರಭಸಕ್ಕೆ ಕೋಳಿಗಳು ದಿಕ್ಕಾಪಾಲಾದವು. ಲಿಲ್ಲಿ ಕೂಗಲಿಲ್ಲ. ಡಬ್ಬವನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಎಣ್ಣೆ ಮೊದಲು ನಿಂತಿದ್ದ ಮಟ್ಟದಲ್ಲಿ ಕಪ್ಪು ಗೆರೆಯೊಂದು ಉಳಿದಿತ್ತು. ಉಳಿದ ಎಣ್ಣೆಯನ್ನು ಬೇರೆ ಪಾತ್ರೆಗೆ ಸುರಿಸಿ, ಆ ಗೆರೆಯವರೆಗೆ ಜಗ್ಗಿನಲ್ಲಿ ನೀರು ಅಳೆದು ಹೊಯ್ದು, "ಮೂರು ಲೀಟರ್, ಇನ್ನೂರು ಎಂಎಲ್" ಎಂದು ತೀರ್ಪು ಕೊಟ್ಟಳು. ನಾನು ಅಷ್ಟೇ ಹೊಸ ಎಣ್ಣೆ ಹಾಕಿದೆ. ಇಂಜಿನ್ ಬಿಸಿಯಾದ ಮೇಲೆ ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಎರಡು ಗುರುತುಗಳ ನಡುವೆ ಸರಿಯಾಗಿ ನಿಂತಿತ್ತು. ಲಿಲ್ಲಿ ಬೇಸಿನ್ ಎತ್ತಿಕೊಂಡು ಪುನಃ ಸೋಪು ಹಾಕಿ ತೊಳೆದಳು. ಅದು ಬೈಗುಳಕ್ಕಿಂತ ಭಾರ.

ಗುರುವಾರ ಕಾರು ಒಮ್ಮೆಯೂ ಜಗ್ಗದೆ ಬಿಕರ್ನಕಟ್ಟೆ ಮುಟ್ಟಿತು. ತಾಯಿ ಮಗಳು ಪ್ರಾರ್ಥನೆಗೆ ಹೋದರು. ನಾನು ಒಳಗೆ ಹೋಗುವವನಲ್ಲ. ಕಾರಿನಲ್ಲಿ ಕುಳಿತು ಪೇಪರ್ ಓದುವವನು. ಆದರೆ ಅಂದು ಪೇಪರಿನಲ್ಲಿ ಕಣ್ಣು ನಿಲ್ಲಲಿಲ್ಲ. ಬೋಲ್ಟುಗಳನ್ನೆಲ್ಲ ಬಿಗಿದಿದ್ದೇನೆಯೇ? ಎಣ್ಣೆ ಸೋರುತ್ತಿದೆಯೇ? ತಡೆಯಲಾರದೆ ಚರ್ಚಿನ ಎದುರಿನಲ್ಲೇ ಇಳಿದು, ಎರಡೂ ಮೊಣಕಾಲು ನೆಲಕ್ಕೂರಿ, ತಲೆ ತಗ್ಗಿಸಿ ಕಾರಿನಡಿ ನೋಡಿದೆ. ಒಂದು ಹನಿಯೂ ಇಲ್ಲ. "ದೇವರು ದೊಡ್ಡವನು" ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾರಿನಲ್ಲಿ ಕುಳಿತ ಮೇಲೆ ಮಗಳ ಕೈ ಹಿಡಿದು ಹೇಳಿದರು: "ಒಂಬತ್ತು ವಾರ ಬೇಡಿದ್ದು ಇದೊಂದೇ ಲಿಲ್ಲಿ. ನನ್ನ ಅಳಿಯ ಒಮ್ಮೆಯಾದ್ರೂ ದೇವರ ಎದುರು ಮೊಣಕಾಲೂರ್ಲಿ ಅಂತ."

ಲಿಲ್ಲಿ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಆ ಮುದುಕಿಯ ಮುಖದ ಸಂತೋಷ ಕಂಡು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನೊವೇನಾ ಮುಗಿದರೂ ಈಗ ಪ್ರತಿ ಗುರುವಾರ ಅತ್ತೆಯ ಜೊತೆ ನಾನೂ ಒಳಗೆ ಹೋಗಿ, ಅವರ ಪಕ್ಕದಲ್ಲೇ ಮೊಣಕಾಲೂರುತ್ತೇನೆ. ಹೊರಗೆ ಕಾರಿನಡಿ ಏನು ತೊಟ್ಟಿಕ್ಕುತ್ತದೋ, ದೇವರಿಗೇ ಗೊತ್ತು.