ಮುನ್ನೂರು ಗಜದಾಚೆಯ ಅವರೆಕಾಯಿ

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದ ತಿರುಮಲ ಲೋಟವನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಅವನ ಅವರೆ ಚಪ್ಪರ ಬೋಳಾಗಿತ್ತು. ಹಿಂದಿನ ಸಂಜೆಯವರೆಗೂ ಗೊಂಚಲು ಗೊಂಚಲಾಗಿ ಕಾಯಿ ಹೊತ್ತು ಟೆಕ್ಸಾಸಿನ ರೌಂಡ್ ರಾಕಿನ ಆ ಬೀದಿಗೆಲ್ಲ ಸೊಗಡು ಹರಡಿದ್ದ ಬಳ್ಳಿಯಲ್ಲಿ ಈಗ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಮದುವೆ ಮುಗಿದ ಮಾರನೆಯ ದಿನದ ಚಪ್ಪರದಂತೆ ಬರೀ ಕಡ್ಡಿ. ನೆಲದ ತುಂಬ ಗೊರಸಿನ ಗುರುತು. ಉಂಡವರು ಋಣ ಇಟ್ಟುಕೊಳ್ಳಬಾರದೆಂದು ಬಿಟ್ಟುಹೋದಂತೆ ಒಂದು ಮೂಲೆಯಲ್ಲಿ ಹಿಕ್ಕೆಯ ರಾಶಿ.

“ಜಿಂಕೆ!” ಎಂದು ತಿರುಮಲ ಕಿರುಚಿದ.

ಮಹಡಿಯ ಕಿಟಕಿಯಿಂದ ಮಗಳು ಅನಘಾ ಇಣುಕಿದಳು. “ಅಪ್ಪಾ, ದೇ ಕೇಮ್? ಫೈನಲಿ!” ಎಂದು ಚಪ್ಪಾಳೆ ತಟ್ಟಿದಳು.

“ಫೈನಲಿಯಂತೆ ಫೈನಲಿ! ಹೊಟ್ಟೆ ಉರೀತಿರೋವಾಗ ಇವಳಿಗೆ ಚಪ್ಪಾಳೆ! ಹಸಿವಾದ್ರೆ ಹುಲ್ಲು ತಿನ್ನಲಿ, ಬೇಡ ಅಂದೋರ್ಯಾರು? ಹಿತಕಿದ ಬೇಳೇನೇ ಬೇಕಾಗಿತ್ತಾ ಆ ದರಿದ್ರಗಳಿಗೆ?”

ಅವನ ಸಿಟ್ಟಿಗೆ ಕಾರಣವಿತ್ತು. ಮರುದಿನ ಆಸ್ಟಿನ್‌ನಲ್ಲಿ ರಾಜ್ಯೋತ್ಸವದ ಊಟ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಊರಿನ ಕನ್ನಡಿಗರು ಒಟ್ಟಿಗೆ ಕೂತು ಉಣ್ಣುವ ದಿನ. ಆ ದಿನ ತಾಜಾ ಅವರೆಯ ಹಿತಕಿದ ಬೇಳೆ ಸಾರು ಮಾಡುತ್ತೇನೆಂದು ತಿರುಮಲ ಕನ್ನಡ ಸಂಘದ ಯುಗಾದಿ ಹಬ್ಬದಂದೇ ಮೈಕಿನಲ್ಲಿ ಸಾರಿದ್ದ. ಡಾಲಸ್ ಪಕ್ಕದ ಫ್ಲವರ್ ಮೌಂಡಿನ ರಘುನಂದನ ಅವನ ಕಾಲೇಜು ಗೆಳೆಯ. ಗೆಳೆಯನಾದ್ದರಿಂದಲೇ ಕಾಲೆಳೆಯುವುದು ತನ್ನ ಹಕ್ಕೆಂದು ತಿಳಿದವನು. “ಫ್ರೋಜನ್ ಅವರೆ ತಗೊಂಡು ಬಾರೋ, ಸಾಕು” ಎಂದು ಅವನು ನಕ್ಕಾಗ ತಿರುಮಲನಿಗೆ ಪಿತ್ತ ನೆತ್ತಿಗೇರಿತ್ತು. “ಫ್ರೋಜನ್ ಅವರೆ ಎಲೆಗೆ ಬಿದ್ದ ದಿನ ಈ ಸೌಟು ನಿನ್ನ ಕೈಗೆ ಕೊಟ್ಟು, ಸಂಘದ ಅಡುಗೆಮನೆಗೆ ಕಾಲಿಡಲ್ಲ” ಎಂದು ಎಲ್ಲರೆದುರು ಆಣೆ ಹಾಕಿಬಿಟ್ಟಿದ್ದ. ಆಫೀಸಿನಲ್ಲಿ ಅವನ ಮಾತನ್ನು ಕೇಳುವವರಿಲ್ಲ, ಮನೆಯಲ್ಲಂತೂ ಆ ಪದ್ಧತಿಯೇ ಇಲ್ಲ. ಸಂಘದ ಅಡುಗೆಮನೆಯೊಂದೇ ಅವನ ಸಿಂಹಾಸನ, ಸೌಟೇ ರಾಜದಂಡ.

ಬೀಜ ತಂದ ಕತೆಯನ್ನೂ ಅವನು ಹೇಳದೆ ಬಿಟ್ಟ ಸಭೆಯಿರಲಿಲ್ಲ. ಊರಿಂದ ತಂದ ಬೀಜವನ್ನು ಏರ್‌ಪೋರ್ಟಿನವರು ಕಸದ ಬುಟ್ಟಿಗೆ ಹಾಕಿದ ಮೇಲೆ, ಊರಾಚೆಯ ರೈತರ ಅಂಗಡಿಯೊಂದರಲ್ಲಿ ಅವರೆ ಬೀಜದ ಇಡೀ ಮೂಟೆಯನ್ನೇ ಕಂಡುಹಿಡಿದಿದ್ದ. “ನಮ್ಮ ತಾತ ಹೇಳ್ತಿದ್ರು, ಬೀಜ ತಗೊಂಡ್ರೆ ಮಾರ್ಕು ನೋಡಿ ತಗೋ ಅಂತ. ಕುದುರೆ ಮಾರ್ಕು, ಎತ್ತಿನ ಮಾರ್ಕು. ಮಾರ್ಕಿದ್ರೆ ಮಾಲು ಖಾತ್ರಿ. ಈ ಮೂಟೆ ಮೇಲೂ ಎಂಥಾ ಗಂಭೀರವಾದ ಮಾರ್ಕಿದೆ ಗೊತ್ತಾ?” ಎನ್ನುತ್ತಿದ್ದ. ಮೂರೂ ಊರಿನ ಕನ್ನಡದ ಮನೆಗಳಿಗೆ ಹಿಡಿ ಹಿಡಿ ಬೀಜವನ್ನು ಪ್ರಸಾದದಂತೆ ಹಂಚಿ, ಖಾಲಿ ಮೂಟೆಯನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದ.

“ಬೇಲಿ ಎತ್ತರ ಮಾಡ್ಸಿ ಅಂತ ಬಡ್ಕೊಂಡೆ” ಎಂದಳು ಹೆಂಡತಿ ಸುಪ್ರಜಾ, ಚೆಲ್ಲಿದ ಕಾಫಿ ಒರೆಸುತ್ತ.

“ಬಡಾವಣೆ ಅಸೋಸಿಯೇಷನ್ನೋರು ಬಿಡಬೇಕಲ್ಲ! ಜಿಂಕೆ ಹಾರೋ ಎತ್ತರಕ್ಕೇ ಅಳತೆ ಮಾಡಿ ರೂಲ್ಸು ಮಾಡಿದಾರೆ. ಬೇಲಿ ಕತೆ ಮುಗೀತು ಕಣೇ. ಇನ್ನೇನಿದ್ರೂ ಬಂದೂಕು!”

ಇದು ಬಾಯಿಮಾತಲ್ಲ. ಬೇಸಿಗೆಯಲ್ಲಿ ಜಿಂಕೆಗಳು ಗುಲಾಬಿ ತಿಂದಾಗಲೇ ಸಿಟ್ಟಿನ ಭರದಲ್ಲಿ ಆನ್‌ಲೈನ್ ಪಾಠ ಮುಗಿಸಿ ಬೇಟೆಯ ಲೈಸೆನ್ಸು ಪಡೆದಿದ್ದ. ಆಮೇಲೆ ಸಿಟ್ಟು ಇಳಿದಿತ್ತು, ಲೈಸೆನ್ಸು ಉಳಿದಿತ್ತು. ಈಗ ಸೀಸನ್ನೂ ಶುರುವಾಗಿತ್ತು. ಅವನು ಶಿವಪುತ್ರಪ್ಪನವರಿಗೆ ಫೋನ್ ಹಚ್ಚಿದ.

ಶಿವಪುತ್ರಪ್ಪ ಹುಬ್ಬಳ್ಳಿಯವರು. ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕಿನಲ್ಲಿ ಆಕಾಶ ನೋಡುವ ಯಂತ್ರಗಳಿಗೆ ಮಸೂರ ಕೂಡಿಸುವ ಇಂಜಿನಿಯರು. ಲ್ಯಾನೋ ಕಡೆಯ ಗುಡ್ಡದಲ್ಲಿ ಬೇಟೆಗೆಂದು ಜಮೀನು ಲೀಸಿಗೆ ಹಿಡಿದು, ಚಳಿಗಾಲದ ಶನಿವಾರಗಳನ್ನೆಲ್ಲ ಅಲ್ಲೇ ಕಳೆಯುತ್ತಿದ್ದರು.

“ಒಂದು ಜಿಂಕೆ ಹೊಡೀಬೇಕು ಶಿವಪುತ್ರಪ್ಪನೋರೇ. ಇವತ್ತೇ.”

“ಯಾವ ಜಿಂಕಿ ರಿ?”

“ಯಾವುದಾದ್ರೂ ಸೈ! ಆ ಜಾತಿಗೇ ಬುದ್ಧಿ ಬರಬೇಕು!”

“ಬರ್ರಿ ಬರ್ರಿ. ಆದ್ರ ಬರೂ ಮುಂದ ಚಾಳೀಸ ತಗೊಂಡ ಬರ್ರಿ. ಬಂದೂಕಿನ ಸ್ಕೋಪಿನ ಮ್ಯಾಲಿನ ಅಂಕಿ ಭಾಳ ಸಣ್ಣು ಇರತಾವು.”

“ನನಗಿನ್ನೂ ಚಾಳೀಸು ಬಂದಿಲ್ಲ!” ಎಂದು ತಿರುಮಲ ಫೋನ್ ಕಟ್ ಮಾಡಿದ. ಚಾಳೀಸೆಂದರೆ ಮುದಿತನದ ಆಹ್ವಾನ ಪತ್ರಿಕೆ ಎಂದು ಅವನ ನಂಬಿಕೆ. ಹೋಟೆಲಿನಲ್ಲಿ ಮೆನು ಓದಲು ಅದನ್ನು ಎದುರಿಗೆ ಕೂತವರ ಮೂಗಿಗೆ ತಾಗುವಷ್ಟು ದೂರ ಹಿಡಿಯುತ್ತಿದ್ದನೇ ಹೊರತು, ಸುಪ್ರಜಾ ಕೊಡಿಸಿದ್ದ ಓದುವ ಕನ್ನಡಕವನ್ನು ಒಂದು ದಿನವೂ ಮೂಗಿಗೇರಿಸಿರಲಿಲ್ಲ.

ಗುಡ್ಡ ತಲುಪಿದಾಗ ಶಿವಪುತ್ರಪ್ಪ ಹಣೆಗೆ ವಿಭೂತಿ, ತಲೆಗೆ ಕಿತ್ತಳೆ ಬಣ್ಣದ ಟೋಪಿ ಧರಿಸಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಎದುರಿಗೆ ಮೇಜಿನ ಮೇಲೆ ಮರಳಿನ ಚೀಲಕ್ಕೊರಗಿ ರೈಫಲ್ ಮಲಗಿತ್ತು, ಅದರ ಬೆನ್ನ ಮೇಲೆ ಗುರಿ ನೋಡುವ ಸ್ಕೋಪು.

“ಜಿಂಕೆ ಎಲ್ಲಿ?” ಎಂದ ತಿರುಮಲ.

“ಜಿಂಕಿ ಆಮ್ಯಾಲ. ಮದ್ಲ ತಾಟು” ಎಂದು ಅವರು ದೂರದ ಮಣ್ಣಿನ ದಿಬ್ಬಕ್ಕೆ ಅಂಟಿಸಿದ್ದ ಕಾಗದದ ಊಟದ ತಟ್ಟೆಯನ್ನು ತೋರಿಸಿದರು. “ನೋಡ್ರಿ, ಸ್ಕೋಪು ಅಂದ್ರ ಬರೇ ದುರ್ಬೀನಲ್ಲ. ಗುಂಡು ದೂರ ಹೋದಂಗ ಕೆಳಗ ಇಳೀತೈತಿ, ಗಾಳಿಗೆ ಸರೀತೈತಿ. ಮ್ಯಾಲಿನ ತಿರುಪು ಇಳುವಿಗೆ, ಮಗ್ಗಲಿಂದು ಗಾಳಿಗೆ. ಜಿಂಕಿ ಅಡ್ಡ ನಿಂತಿರಬೇಕು, ಗುಂಡು ಸೀದಾ ಎದಿಗೆ ಬೀಳಬೇಕು, ಅದಕ್ಕ ನೋವಾಗೂದ್ರಾಗ ಜೀವ ಹೋಗಿರಬೇಕು. ಗಾಯ ಮಾಡಿ ಓಡಿಸಿದ್ರ ಏಳು ಜನ್ಮದ ಪಾಪ.”

“ನನ್ನ ಬಳ್ಳಿಗೆ ಅವೇನು ನೋವಿಲ್ಲದ ಸಾವು ಕೊಟ್ವಾ?”

“ಸಿಟ್ಟಿನ್ಯಾಗ ಬಂದೂಕು ಹಿಡೀಬಾರದ್ರಿ. ಉಸರು ಬಿಡ್ರಿ. ಯಾವ ದೂರದಾಗ ನಿಮ್ಮ ಎಲ್ಲಾ ಗುಂಡೂ ತಾಟಿನೊಳಗ ಬೀಳತಾವೋ, ಅದ ನಿಮ್ಮ ದೂರ. ಅದರಾಚಿ ಇರೂ ಜಿಂಕಿ ನಿಮ್ಮ ಪಾಲಿಂದಲ್ಲ. ಇದ ಧರ್ಮ.”

ಧರ್ಮಕ್ಕೆ ತಿರುಮಲನ ಕಣ್ಣು ಸಹಕರಿಸಲಿಲ್ಲ. ತಿರುಪಿನ ಸುತ್ತ ಕೊರೆದಿದ್ದ ಅಂಕಿಗಳು ಅವನಿಗೆ ಸಾಲಾಗಿ ಹೊರಟ ಇರುವೆಗಳಂತೆ ಕಂಡವು. ಕೇಳಿದರೆ ಚಾಳೀಸಿನ ಮಾತು ಬರುತ್ತದೆಂದು ಅಂದಾಜಿನಲ್ಲೇ ಟಿಕ್ ಟಿಕ್ ತಿರುಗಿಸಿದ. ಮೊದಲ ಗುಂಡಿಗೆ ತಟ್ಟೆ ಅಲ್ಲಾಡಲಿಲ್ಲ. ದಿಬ್ಬದ ಆ ತುದಿಯಲ್ಲಿದ್ದ ಪಾಪಾಸುಕಳ್ಳಿಯ ಒಂದು ಪಟ್ಟೆ ಹಾರಿಹೋಯಿತು.

“ಅದೂ ಜೀವಾನ ರಿ” ಎಂದರು ಶಿವಪುತ್ರಪ್ಪ ನೊಂದುಕೊಂಡು.

ಎರಡನೆಯ ಸಲ ಸ್ಕೋಪಿನೊಳಗೆ ಕಪ್ಪು ಉಂಗುರ ಕಂಡಿತು. “ಕಣ್ಣಿಗೂ ಸ್ಕೋಪಿಗೂ ನಡುವ ನಾಕ ಬೆರಳು ಜಾಗ ಇರ್ಲಿ. ಗುಂಡು ಹಾರಿದ ಕೂಡ್ಲೆ ಅದು ಹಿಂದ ಒದಿತೈತಿ” ಎಂದು ಅವರು ಹೇಳುತ್ತಿದ್ದಂತೆಯೇ, ಹತ್ತಿರ ಹೋದರೆ ಚೆನ್ನಾಗಿ ಕಂಡೀತೆಂದು ತಿರುಮಲ ಕಣ್ಣನ್ನು ಗಾಜಿಗೇ ಒತ್ತಿ ಬಂದೂಕಿನ ಕುದುರೆ ಎಳೆದ. ಢಂ ಎಂದಿತು. ಸ್ಕೋಪಿನ ಅಂಚು ಬಂದು ಹುಬ್ಬಿನ ಮೇಲೆ ಬಡಿಯಿತು. ಹಣೆಯ ಮೇಲೆ ಕೆಂಪಗೆ, ಅಚ್ಚುಕಟ್ಟಾಗಿ, ಒಂದು ಬಿದಿಗೆ ಚಂದ್ರ ಮೂಡಿತು.

“ಆತು, ನಿಮಗ ದೀಕ್ಷಾ ಆತು” ಎಂದು ಶಿವಪುತ್ರಪ್ಪ ಐಸ್ ಒತ್ತಿದರು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ತಿರುಮಲನ ಗುಂಡೆಲ್ಲ ತಟ್ಟೆಯೊಳಗೆ ಬಿದ್ದದ್ದು ಅದನ್ನು ಇಪ್ಪತ್ತೈದು ಗಜಕ್ಕೆ ತಂದು ನಿಲ್ಲಿಸಿದ ಮೇಲೆಯೇ. ಶಿವಪುತ್ರಪ್ಪ ರೈಫಲಿನ ಗುಂಡು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. “ಇಲ್ಲೆ ಜಿಂಕಿ ಬರೂದು ಮುನ್ನೂರು ಗಜದಾಚಿ. ನೀವು ನೋಡಬೌದು, ಹೊಡಿಯಂಗಿಲ್ಲ.”

“ಇಪ್ಪತ್ತೈದಕ್ಕೆ ಬಂದ್ರೆ?”

“ಬರಂಗಿಲ್ರಿ. ಅದಕ್ಕ ಬುದ್ಧಿ ಐತಿ.”

ಸಂಜೆ ಇಬ್ಬರೂ ಹಲಗೆಯ ಮರೆಗೂಡಿನಲ್ಲಿ ಕೂತರು. ಶಿವಪುತ್ರಪ್ಪ ಮೂಲೆಯಲ್ಲಿದ್ದ ಹಳೆಯ ಚೀಲವೊಂದನ್ನು ಮಡಚಿ ತಿರುಮಲನ ಕುರ್ಚಿಗೆ ಮೆತ್ತೆ ಮಾಡಿಕೊಟ್ಟರು. ಹಣೆ ಪಟಪಟ ಸಿಡಿಯುತ್ತಿತ್ತು.

“ನೀವು ಇಲ್ಲೀ ತನಕ ಎಷ್ಟು ಹೊಡೆದಿದೀರಿ?” ಎಂದು ಪಿಸುಗುಟ್ಟಿದ.

“ಒಂದೂ ಇಲ್ರಿ. ಒಮ್ಮೆ ಗಾಳಿ ಸರಿ ಇರಂಗಿಲ್ಲ, ಒಮ್ಮೆ ಅದು ಅಡ್ಡ ನಿಲ್ಲದ ವಾರಿ ನಿಂತಿರತೈತಿ, ಒಮ್ಮೆ ಮಗ್ಗಲಕ ಮರಿ ಇರತೈತಿ. ಇನ್ನೂ ಸರಿಯಾದ ಗಳಿಗಿ ಕೂಡಿ ಬಂದಿಲ್ಲ.”

ತಿರುಮಲ ಹಲ್ಲು ಕಚ್ಚಿದ. ಈ ಪುಣ್ಯಾತ್ಮನ ಹತ್ತಿರ ಬೇಟೆ ಕಲಿಯಲು ಬಂದ ತನಗೆ ತಾನೇ ಎರಡು ಬಾರಿಸಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಎದುರಿನ ಬಯಲಿನ ಹಸಿರಿಗೆ ಒಂದು ಗಂಡು ಜಿಂಕೆ ಇಳಿಯಿತು. ದೊಡ್ಡ ಕವಲುಕೊಂಬು, ಜಮೀನ್ದಾರರ ನಡಿಗೆ. ಅವನು ಖಾಲಿ ರೈಫಲನ್ನೆತ್ತಿ, ಈ ಸಲ ನಾಲ್ಕು ಬೆರಳು ಜಾಗ ಬಿಟ್ಟು, ಸ್ಕೋಪಿನಲ್ಲಿ ನೋಡಿದ. ಮುನ್ನೂರು ಗಜದಾಚೆಯ ಜಿಂಕೆ ಕೈಗೆಟುಕುವಷ್ಟು ಹತ್ತಿರ ಬಂತು. ಅದು ಆರಾಮಾಗಿ ಮೆಲ್ಲುತ್ತಿತ್ತು. ಅದರ ಬಾಯಲ್ಲಿ ನೇರಳೆ ಹೂವಿನ ಕುಡಿ. ಆ ಕುಡಿಯಲ್ಲಿ ಚಪ್ಪಟೆಯ, ತುಸು ಬಾಗಿದ, ಬಲಿತ ಕಾಯಿ.

“ಅವರೆಕಾಯಿ!” ಎಂದು ತಿರುಮಲ ಕೂಗಿಯೇಬಿಟ್ಟ. ಜಿಂಕೆ ತಲೆಯೆತ್ತಿ ನೋಡಿ, ಮತ್ತೆ ಊಟಕ್ಕೆ ಬಾಗಿತು.

“ಹೌದ್ರಿ, ಅವರಿ. ಇಡೀ ಹೊಲ ಅದ. ಇಲ್ಲೆ ಜಿಂಕಿಗೆ ಅಂತನ ಬಿತ್ತತಾರ. ಇದರ ರುಚಿ ಹತ್ತಿದ್ರ ಮತ್ತ ಬ್ಯಾರೆ ಕಡೆ ಹೋಗಂಗಿಲ್ಲ ಅವು. ಬೀಜದ ಚೀಲ ನಿಮ್ಮ ಕೆಳಗ ಐತಿ ನೋಡ್ರಿ.”

ತಿರುಮಲ ಎದ್ದು ಚೀಲ ಬಿಡಿಸಿದ. ಕವಲುಕೊಂಬಿನ ಒಂದು ಜಿಂಕೆಯ ತಲೆ ಗಂಭೀರವಾಗಿ ಅವನನ್ನೇ ನೋಡಿತು. ಅವನ ಗ್ಯಾರೇಜಿನ ಗೋಡೆಯ ಮೇಲಿದ್ದ ಅದೇ ತಲೆ, ಅದೇ ಕೊಂಬು, ಅದೇ ನೋಟ.

“ಇದು... ಇದು ಜಿಂಕೆ ಮಾರ್ಕು ಅಲ್ವಾ? ಕುದುರೆ ಮಾರ್ಕು, ಎತ್ತಿನ ಮಾರ್ಕು ಇರುತ್ತಲ್ಲ, ಹಾಗೆ?”

ಶಿವಪುತ್ರಪ್ಪ ಅವನನ್ನೂ ಚೀಲವನ್ನೂ ನೋಡಿದರು. “ಮಾರ್ಕಲ್ರಿ ಅದು. ಗಿರಾಕಿ.”

ತಮ್ಮ ಚಾಳೀಸನ್ನು ತೆಗೆದು ಅವನ ಮೂಗಿಗೇರಿಸಿದರು. ಗಾಯದ ಮೇಲೆ ಕನ್ನಡಕ ತಾಗಿ ತಿರುಮಲ ಹಾ ಎಂದ. ಆಮೇಲೆ ಕೊಂಬಿನ ಕೆಳಗಿನ ಸಣ್ಣ ಅಕ್ಷರಗಳು ಒಂದೊಂದೇ ಎದ್ದು ನಿಂತವು: ಜಿಂಕೆಗಳನ್ನು ನಿಮ್ಮ ಜಮೀನಿಗೆ ಸೆಳೆಯುವ ಬೀಜ. ಒಮ್ಮೆ ತಿಂದರೆ ತಪ್ಪದೆ ಮರಳಿ ಬರುತ್ತವೆ. ಮೂರು ಊರಿನ ಕನ್ನಡದ ಹಿತ್ತಿಲುಗಳಿಗೆಲ್ಲ ತಾನೇ ಅಕ್ಷತೆ ಕೊಟ್ಟು ಜಿಂಕೆಗಳನ್ನು ಕರೆದು ಕೂರಿಸಿದ್ದೇನೆಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಸಿಟ್ಟು ಉಕ್ಕಿತು. ಆದರೆ ಯಾರ ಮೇಲೆ ಹರಿಯಬೇಕೆಂದು ಅದಕ್ಕೇ ತಿಳಿಯಲಿಲ್ಲ.

“ಹೋಗ್ಲಿ, ಒಂದು ಚೀಲ ಕಾಯಿ ಬಿಡಿಸ್ಕೊಂಡು ಹೋಗ್ತೀನಿ. ನಾಳೆ ಮಾನ ಉಳೀಲಿ.”

“ಬರಂಗಿಲ್ರಿ. ಲೀಸಿನ್ಯಾಗ ನಮಗ ಜಿಂಕಿ ಹೊಡಿಯೂ ಹಕ್ಕಷ್ಟ ಐತಿ. ಅವರಿ ಜಿಂಕೀದು. ಅದರ ಊಟ ಕದ್ದು ನಾವು ಉಣ್ಣೂದು ಧರ್ಮ ಅಲ್ಲ.”

“ನನ್ನ ಊಟ ಅದು ಕದ್ದಿದ್ದು ಧರ್ಮಾನಾ?”

“ಅದಕ್ಕ ಓದಾಕ ಬರಂಗಿಲ್ಲ. ನಿಮಗ ಬರತೈತಿ.”

ತಿರುಮಲ ಕಾರಿನ ಬಾಗಿಲನ್ನು ದಢಾರೆಂದು ಮುಚ್ಚಿ ಹೊರಟ. ದಾರಿಯುದ್ದಕ್ಕೂ ಜಿಂಕೆ, ತಾತ, ರೈತರ ಅಂಗಡಿ, ಕನ್ನಡಕದ ಕಂಪನಿ, ಎಲ್ಲರಿಗೂ ಸಹಸ್ರನಾಮ ಮಾಡಿದ. ಮನೆ ಮುಟ್ಟಿದ ಕೂಡಲೇ ಗ್ಯಾರೇಜಿನ ಮೂಟೆಯನ್ನು ಸುಟ್ಟುಬಿಡಬೇಕೆಂದು ನಿಶ್ಚಯಿಸಿದ ಹೊತ್ತಿಗೆ ಫೋನ್ ಬಂತು. ರಘುನಂದನ.

“ಲೋ ತಿರುಮಲ, ನಮ್ಮ ಹಿತ್ತಲಲ್ಲೂ ಅವರೆ ಸ್ವಾಹಾ ಕಣೋ! ಹ್ಯೂಸ್ಟನ್ನೋರದ್ದೂ ಅದೇ ಗತಿಯಂತೆ. ನೀನೊಬ್ಬನೇ ಬಂದೂಕು ಹಿಡ್ಕೊಂಡು ಹೋಗಿದೀಯ ಅಂತ ಸುಪ್ರಜಾ ಗ್ರೂಪಲ್ಲಿ ಹಾಕಿದ್ರು. ಎಲ್ಲಾರೂ ನಿನ್ನೇ ಹೊಗಳ್ತಾ ಇದಾರೆ ಮಾರಾಯ. ಜಿಂಕೆ ಮಾಡಿದ್ದಕ್ಕೆ ನೀನೇನು ಮಾಡಕ್ಕಾಗುತ್ತೆ? ಫ್ರೋಜನ್ ಅವರೆ ನಾನು ತರ್ತೀನಿ. ನಿನ್ನ ಆಣೆ ಮಾಫಿ. ಸೌಟು ನಿನ್ನ ಕೈಲೇ ಇರ್ಲಿ.”

ಆ ದಿನದಲ್ಲಿ ಮೊದಲ ಬಾರಿಗೆ ತಿರುಮಲನ ಸಿಟ್ಟು ಇಳಿಯಿತು. ಜಿಂಕೆಗಳ ಮೇಲೂ ಒಂದು ಬಗೆಯ ಪ್ರೀತಿ ಉಕ್ಕಿತು. ಪಾಪ, ಎಲ್ಲ ಅಪವಾದವನ್ನೂ ತಮ್ಮ ಕೊಂಬಿನ ಮೇಲೆ ಹೊತ್ತಿವೆ, ಬಾಯಿಬಿಟ್ಟು ಹೇಳಲಾರವು. ಶಿಳ್ಳೆ ಹಾಕುತ್ತ ಮನೆಗೆ ಬಂದ.

ಬಾಗಿಲಲ್ಲೇ ಸುಪ್ರಜಾ ನಿಂತಿದ್ದಳು. “ಅಯ್ಯೋ, ಹಣೆಗೇನಾಯ್ತ್ರೀ? ಜಿಂಕೆ ಹಾಯ್ತಾ?”

“ಅದೆಲ್ಲ ಆಮೇಲೆ ಹೇಳ್ತೀನಿ. ಗ್ಯಾರೇಜಿನ ಮೂಟೆ ಎಲ್ಲಿ?”

“ಅಲ್ಲೇ ಇದೆ. ಗ್ರೂಪಲ್ಲಿ ಎಲ್ಲರೂ ಮುಂದಿನ ವರ್ಷಾನೂ ಅದೇ ಬೀಜ ಬಿತ್ತೋಣ, ಯಾವ ಮಾರ್ಕು ಅಂತ ಕೇಳಿದ್ರು. ಫೋಟೋ ತೆಗ್ದು ಹಾಕ್ದೆ. ಸಣ್ಣ ಅಕ್ಷರಾನೂ ಕಾಣ್ಲಿ ಅಂತ ಜೂಮ್ ಮಾಡಿ ಇನ್ನೊಂದು ಹಾಕ್ದೆ.”

ಮೆಟ್ಟಿಲ ಮೇಲಿಂದ ಅನಘಾ, “ಅಪ್ಪಾ, ಇಟ್ ಸೇಸ್ ಡಿಯರ್ ಫುಡ್! ಐ ಥಾಟ್ ಯು ಗ್ರೂ ಇಟ್ ಫಾರ್ ದೆಮ್!” ಎಂದಳು.

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಮತ್ತೆ ಎಂದಿತು. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತೆ ನಿಲ್ಲಲೇ ಇಲ್ಲ. ತಿರುಮಲ ಅದನ್ನು ತೆಗೆದು ತೋಳು ಚಾಚಿ ಹಿಡಿದ. ತೋಳು ಸಾಲಲಿಲ್ಲ. ಸುಪ್ರಜಾ ಒಳಗೆ ಹೋಗಿ ಚಾಳೀಸು ತಂದು ಕೊಟ್ಟಳು. ಈ ಸಲ ಅವನು ತಾನೇ ಮೂಗಿಗೇರಿಸಿಕೊಂಡ.

ರಘುನಂದನ ಬರೆದಿದ್ದ: “ಸೌಟು ನಾಳೆ ನನ್ನ ಕೈಗೆ ಒಪ್ಪಿಸು ಗುರೂ. ನಿನಗೆ ಮನುಷ್ಯರ ಪಂಕ್ತಿ ಬೇಡ. ನೀನು ಆಗಲೇ ಜಿಂಕೆಗಳಿಗೆ ಬಡಿಸ್ತಾ ಇದೀಯಲ್ಲ.”