ನೂರಕ್ಕೆ ನೂರು ಕಳವು

ಇಚಲಕರಂಜಿಯ ಕಾಲೇಜೊಂದರಲ್ಲಿ ಹುಡುಗರೇ ನಡೆಸುವ ಇಂಗ್ಲಿಷ್ ಸಂಶೋಧನಾ ಪತ್ರಿಕೆಗೆ ಸಂಪಾದಕನಾದದ್ದೇ ತಡ, ಬಾಳಗೊಂಡ ಪ್ರಬಂಧಗಳನ್ನು ಓದುವುದು ಬಿಟ್ಟು ವಾಸನೆ ನೋಡತೊಡಗಿದ. ಕಳವು ಹಿಡಿಯುವ ಸಾಫ್ಟ್‌ವೇರ್ ಕೈಗೆ ಬಂದಿತ್ತು. ಫೌಜದಾರನಿಗೆ ಸೀಟಿ ಸಿಕ್ಕಂತೆ.

ಅಂದು ಸಂಜೆಯೇ ಪತ್ರಿಕೆಯ ಬಿಡುಗಡೆ. ಮಗನ ಹೆಸರು ಅಚ್ಚಾದದ್ದನ್ನು ಕಣ್ಣಾರೆ ನೋಡಲು ಅಪ್ಪ ಬಾಪೂಸಾಹೇಬರು ಗಡಹಿಂಗ್ಲಜದಲ್ಲಿ ಬಸ್ ಹತ್ತಿಯಾಗಿತ್ತು. ಅಂಥ ದಿನ ಬೆಳಿಗ್ಗೆ ಬಾಳಗೊಂಡ ಕೊನೆಯದಾಗಿ ಎಲ್ಲ ಪ್ರಬಂಧ ತಪಾಸಣೆ ಮಾಡಿದರೆ, ವಿದ್ಯಾರ್ಥಿನಿ ವಂದನಾಳ ‘ಮಗ್ಗದ ಸಪ್ಪಳ ಮತ್ತು ನಿದ್ದೆ’ ನೂರಕ್ಕೆ ನೂರು ಕಳವು! ಮುಂದಿನ ಗಳಿಗೆಗೆ ನೋಟಿಸ್ ಬೋರ್ಡಿನ ಮೇಲೆ ಕಳ್ಳಿಯೆಂದು ಅವಳ ಹೆಸರು.

ಸುದ್ದಿ ಹಿಂದಿನ ಓಣಿಯ ಪವರ್‌ಲೂಮ್ ಮುಟ್ಟಿತು. ಅಲ್ಲಿ ಮಗ್ಗ ನಡೆಸುವ ವಂದನಾಳ ತಾಯಿ ಶಿವವ್ವ ತಲೆತುಂಬ ಹತ್ತಿಯ ಧೂಳು ಹೊತ್ತು ಬಂದೇಬಿಟ್ಟಳು.

“ಯಾರಲೇ ಅವ, ನನ್ನ ಮಗಳಿಗೆ ಕಳ್ಳಿ ಅಂದಾವ?”

“ಅವ್ವಾ, ಸಂಪಾದಕರಿಗೆ ಲೇ ಅನಬ್ಯಾಡ. ಸಂಪಾದಕ್ರಲೇ ಅನ್ನು,” ಎಂದಳು ವಂದನಾ.

“ಕಳವಾದ ಮಾಲಿಗೆ ಮಾಲಕ ಇರ್ಬೇಕಲ್ಲ? ತೋರ್ಸು!” ಎಂದಳು ಶಿವವ್ವ.

ಪತ್ರಿಕೆಯ ಉಸ್ತುವಾರಿ ನೋಡುವ ಪದ್ಮಕುಮಾರ ಸರ್ ಓಡಿ ಬಂದರು. “ಹೌದಲ್ಲೋ, ಯಾರದನ್ನ ಕದ್ದಾಳಂತ ನೋಡಿಯೇನು?”

“ನೂರಕ್ಕ ನೂರು ಟಕ್ಕೆ ಅಂದದ್ದ ನೋಡಿದ್ನಿ, ಮುಂದ ನೋಡ್ಲಿಲ್ರಿ ಸರ್,” ಎಂದ ಬಾಳಗೊಂಡ.

ಉಪಸಂಪಾದಕಿ ಸಪನಾ ಪರದೆಗೆ ಇಣುಕಿ, ಮೂಗು ಹಿಡಿದು, ಹಾತಕಣಂಗಲೆ ರೈಲ್ವೆ ಸ್ಟೇಷನ್ನಿನ ಮರಾಠಿ ಘೋಷಣೆಯ ದನಿ ತೆಗೆದಳು: “ಕೃಪಯಾ ಲಕ್ಷ ದ್ಯಾ! ಮೂಲ ಲೇಖಕರು, ಶ್ರೀಯುತ... ಬಾಳಗೊಂಡ!”

“ನಾ ಒಂದ ಸಾಲೂ ಬರದಿಲ್ರಿ!” ಎಂದವನಿಗೆ ತಟ್ಟನೆ ನೆನಪಾಯಿತು. ಹೋದ ವಾರ ಸಾಫ್ಟ್‌ವೇರ್ ಪರೀಕ್ಷಿಸಲೆಂದು ಇದೇ ಪ್ರಬಂಧವನ್ನು ತನ್ನ ಖಾತೆಯಲ್ಲಿ ಹಾಕಿದ್ದ. ‘ಕಾಯ್ದಿಡಲೇ?’ ಎಂದು ಅದು ಕೇಳಿದ್ದಕ್ಕೆ ಹೂಂ ಒತ್ತಿದ್ದ. ಅದು ಇವನದೆಂದೇ ಕಾಯ್ದಿಟ್ಟಿತ್ತು. ಮುಖ ಗಾಳಿಗಿಟ್ಟ ಭಡಂಗ ಚುರುಮುರಿಯಂತೆ ಮೆತ್ತಗಾಯಿತು.

ಶಿವವ್ವನಿಗೆ ಕಂಪ್ಯೂಟರ್ ತಿಳಿಯದಿದ್ದರೂ ಸಂಗತಿ ತಿಳಿಯಿತು. “ಅಂದ್ರ, ನನ್ನ ಮಗಳ ಸೀರಿ ನಿನ್ನ ಪೆಟ್ಟಿಗ್ಯಾಗ ನೀನ ಇಟಗೊಂಡು, ಅಕೀಗೇ ಕಳ್ಳಿ ಅಂದಿ!”

ಬಾಳಗೊಂಡ ವಂದನಾಳ ಮುಂದೆ ಲೇಖಕರ ಒಪ್ಪಂದಪತ್ರ ಇಟ್ಟು ಕೈ ಮುಗಿದ. ಅವಳ ಸಹಿಯಿಲ್ಲದೆ ಪ್ರಬಂಧ ಅಚ್ಚಾಗದು. ಆ ಪ್ರಬಂಧವಿಲ್ಲದೆ ಪತ್ರಿಕೆ ಹಪ್ಪಳದಷ್ಟು ತೆಳ್ಳಗೆ.

“ಸಹಿ ಮಾಡ್ತೀನಿ. ನಿನ್ನ ಸಂಪಾದಕೀಯ ತಗದು ಅಲ್ಲಿ ಮಾಫಿ ಕೇಳು. ಇಂಗ್ಲಿಷಿನ್ಯಾಗ, ದಪ್ಪ ಅಕ್ಷರದಾಗ. ನಿನ್ನ ಫೋಟೋ ಹಂಗ ಇರಲಿ,” ಎಂದಳು ವಂದನಾ.

ಸಂಜೆ ಪತ್ರಿಕೆ ಬಿಡುಗಡೆಯಾಯಿತು. ಬಾಪೂಸಾಹೇಬರಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಮಾತ್ರ ಹತ್ತಿರ ಸುಳಿದಿರಲಿಲ್ಲ. ಮೊದಲ ಪುಟದಲ್ಲಿ ಮಗನ ಫೋಟೋ, ಕೆಳಗೆ ತುಂಬ ಇಂಗ್ಲಿಷ್! ಕಣ್ಣು ಒದ್ದೆಯಾಯಿತು. ಮೊಬೈಲಿನಲ್ಲಿ ಅದರ ಫೋಟೋ ಹಿಡಿದು, ಆಗಲೇ ಊರಿಗೆ ಕಳಿಸಿದರು.

“ಬಾಳಾ, ಪೂರ್ತಿ ಪುಟ ನಿಂದ ಐತಲ್ಲೋ!”

“ಹೌದ್ರಿ ಅಪ್ಪಾ,” ಎಂದು ಬಾಳಗೊಂಡ, ಅಪ್ಪನಿಗೆ ಇಂಗ್ಲಿಷ್ ಕೊಡದ ದೇವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.

ಸರ್ ಭಾಷಣ ಶುರು ಮಾಡಿದರು. ಅದು ಮುಗಿಯುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು, ಬಾಪೂಸಾಹೇಬರ ಫೋನು ಬಡಿದುಕೊಳ್ಳುತ್ತಿತ್ತು. ಗಡಹಿಂಗ್ಲಜದಲ್ಲಿ ಅಭಿನಂದನೆಯ ಫ್ಲೆಕ್ಸ್ ಹೊಡೆಯುವ ತಾನಾಜಿ. ಅವನ ಗಂಟಲಿಗೆ ಸ್ಪೀಕರ್ ಬೇಕಿರಲಿಲ್ಲ.

“ಸಾಹೇಬ್ರ, ನೀವು ಕಳಿಸಿದ ಪುಟ ಒಂದಕ್ಷರ ಬಿಡದ ದೊಡ್ಡದ ಮಾಡಿ ಬಸ್ ಸ್ಟ್ಯಾಂಡ್ ಮುಂದ ಹಚ್ಚೇನ್ರಿ! ಮಂದಿ ಏನ ಕೂಡ್ಯಾರಂತೀರಿ! ಇಂಗ್ಲಿಷ್ ಮಾಸ್ತರ ಒಬ್ರು ಖುರ್ಚಿ ಮ್ಯಾಲ ನಿಂತು, ಒಂದೊಂದ ಸಾಲೂ ಬಿಡಿಸಿ ಹೇಳಾಕತ್ತಾರ!”